ಅತ್ತು ಮುಗಿಸಿದ ಉಪ್ಪು

"ಗುರುಗಳೇ, ನನ್ನ ದುಃಖವನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ತಪ್ಪಲ್ಲವೇ?"

ಶಂಭುಲಿಂಗ ಹೀಗೆ ಕೇಳಿದ್ದು ಮಧ್ಯಾಹ್ನ, ಮಠದವರೆಲ್ಲ ಊಟಕ್ಕೆ ಹೋದ ಮೇಲೆ. ಅವನ ಕಂಕುಳಲ್ಲಿ ಒಂದು ಬಟ್ಟೆಯ ಗಂಟಿತ್ತು. ಅವನ ತಾಯಿ ತೀರಿಕೊಂಡ ಸುದ್ದಿ ಬಂದು ಬಹಳ ದಿನಗಳಾಗಿದ್ದವು. ಸುದ್ದಿ ಬಂದ ದಿನವೂ ಅವನು ದನಗಳಿಗೆ ಹುಲ್ಲು ಹಾಕಿದ, ಅಂಗಳ ಗುಡಿಸಿದ. ಯಾರು ಏನು ಕೇಳಿದರೂ ಏನಿಲ್ಲ ಎಂದ. ಅಂದಿನಿಂದ ಅವನು ಯಾರ ಎದುರೂ ಅತ್ತಿರಲಿಲ್ಲ, ಯಾರ ಜೊತೆಗೂ ಕೂತು ಉಂಡಿರಲಿಲ್ಲ. ಏನಾಯಿತು ಎಂದು ಕೇಳುವವರೇ ಇಲ್ಲದ ಕಡೆಗೆ ಹೋಗಿಬಿಡೋಣ ಎಂದು ಅವನು ಈಗ ಹೊರಟು ನಿಂತಿದ್ದ.

ಗುರುಗಳು ಗಂಟನ್ನು ನೋಡಿದರು. ಅದರ ಬಗ್ಗೆ ಏನೂ ಕೇಳಲಿಲ್ಲ.

"ಕೂತುಕೋ," ಎಂದರು. "ಒಂದು ಕತೆ ಕೇಳಿಕೊಂಡು ಹೋದರೆ ನಿನ್ನ ದಾರಿಯೇನೂ ಉದ್ದವಾಗುವುದಿಲ್ಲ."

ಶಂಭುಲಿಂಗ ಕೂತ. ಗಂಟನ್ನು ಮಾತ್ರ ಕೆಳಗಿಡಲಿಲ್ಲ. ಗುರುಗಳು ಹೇಳತೊಡಗಿದರು.

ಪೂರ್ವದ ಕಡಲಿನಲ್ಲಿ ಬಾಲಿ ಎಂಬ ದ್ವೀಪವಿದೆ. ನಾನು ಅದನ್ನು ನೋಡಿಲ್ಲ. ಹಿಂದೆ ನಮ್ಮ ಅಡುಗೆಮನೆಯಲ್ಲಿ ಮೋನಪ್ಪ ಎಂಬ ಮುದುಕನಿದ್ದ. ಪ್ರಾಯದಲ್ಲಿ ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವನು. ಹಡಗು ಕೆಟ್ಟು ನಿಂತಾಗ ಕೆಲವು ತಿಂಗಳು ಆ ದ್ವೀಪದಲ್ಲಿ ಉಳಿದಿದ್ದನಂತೆ. ಎಲ್ಲರ ಊಟ ಮುಗಿದ ಮೇಲೆ ಒಲೆಯ ಪಕ್ಕದ ಗೋಡೆಗೆ ಒರಗಿಕೊಂಡು ಈ ಕತೆ ಹೇಳುತ್ತಿದ್ದ. ಅವನು ಅರ್ಧ ನಿದ್ದೆಯಲ್ಲಿ ಹೇಳುತ್ತಿದ್ದ, ನಾನು ಅರ್ಧ ನಿದ್ದೆಯಲ್ಲಿ ಕೇಳುತ್ತಿದ್ದೆ. ಎಲ್ಲಿಯಾದರೂ ವಿಚಿತ್ರ ಕಂಡರೆ ಅದು ನಮ್ಮಿಬ್ಬರ ನಿದ್ದೆಯ ತಪ್ಪು.

ಆ ದ್ವೀಪದ ಒಂದು ದಂಡೆಯಲ್ಲಿ ಮರಳು ಕಪ್ಪು. ಅಲ್ಲಿ ಒಬ್ಬ ಉಪ್ಪು ತೆಗೆಯುವವನಿದ್ದ. ಬೆಳಗಾಗುತ್ತಲೇ ತಾಳೆಗರಿಯಿಂದ ಹೆಣೆದ ಎರಡು ಕೊಡಗಳನ್ನು ಹೆಗಲ ಅಡ್ಡೆಗೆ ತೂಗಿಹಾಕಿಕೊಂಡು ಸೊಂಟದ ತನಕ ಕಡಲಿಗೆ ಇಳಿಯುತ್ತಿದ್ದ. ನೀರು ತುಂಬಿ ತಂದು, ಹದ ಮಾಡಿದ ಮರಳಿನ ಮೇಲೆ ಚಿಮುಕಿಸುತ್ತಿದ್ದ. ಬಿಸಿಲಿಗೆ ಮರಳು ಒಣಗಿ ಮೇಲೆ ಪದರ ಕಟ್ಟುತ್ತಿತ್ತು. ಆ ಪದರವನ್ನು ಕೆರೆದು ಗುಡಿಸಲಿಗೆ ಒಯ್ದು ದೊಡ್ಡ ಬಾನಿಗೆ ತುಂಬಿ, ಮೇಲೆ ಮತ್ತೆ ಕಡಲ ನೀರು ಹುಯ್ಯುತ್ತಿದ್ದ. ಕೆಳಗೆ ಸೋರಿದ ಗಟ್ಟಿ ಉಪ್ಪುನೀರನ್ನು ತೆಂಗಿನ ಕಾಂಡ ಸೀಳಿ ಕೆತ್ತಿದ ಮರಿಗೆಗಳಲ್ಲಿ ಬಿಸಿಲಿಗೆ ಇಡುತ್ತಿದ್ದ. ಒಂದೆರಡು ದಿನದಲ್ಲಿ ಮರಿಗೆಯ ತುಂಬ ಉಪ್ಪು ಅರಳುತ್ತಿತ್ತು. ಅವನ ಹೆಂಡತಿ ಅದನ್ನು ಬುಟ್ಟಿಯಲ್ಲಿ ಹೊತ್ತು ಸಂತೆಗೆ ಒಯ್ಯುತ್ತಿದ್ದಳು. ಅವನ ಉಪ್ಪಿಗೆ ಸುತ್ತಮುತ್ತ ಒಳ್ಳೆಯ ಹೆಸರಿತ್ತು.

ಅವನ ಗುಡಿಸಲಿನ ಪಕ್ಕದ ದಂಡೆಗೇ ಊರಿನವರು ಕಡಲ ಸ್ನಾನಕ್ಕೆ ಬರುತ್ತಿದ್ದರು. ಕೊಳೆ ತೊಳೆದುಕೊಳ್ಳಲು ಅಲ್ಲ. ಮನುಷ್ಯನಿಗೆ ಅಂಟುವುದು ಧೂಳು, ಬೆವರು ಮಾತ್ರ ಅಲ್ಲ ಎಂಬುದು ಆ ದ್ವೀಪದವರ ತಿಳಿವಳಿಕೆ. ಭಯ ಅಂಟುತ್ತದೆ. ಸಿಟ್ಟು ಅಂಟುತ್ತದೆ. ಸತ್ತವರ ನೆನಪು ಅಂಟಿಕೊಂಡು ಬಿಡದೆ ಕಾಡುತ್ತದೆ. ಹೀಗೆ ಅಂಟಿಸಿಕೊಂಡವನು ನಿದ್ದೆ ಬಿಡುತ್ತಾನೆ, ಅನ್ನ ಬಿಡುತ್ತಾನೆ, ಕೊನೆಗೆ ಹಾಸಿಗೆ ಹಿಡಿಯುತ್ತಾನೆ. ಅಂಥವರನ್ನು ಮನೆಯವರು ಕಡಲಿಗೆ ಕರೆತರುತ್ತಾರೆ. ಆ ಸ್ನಾನಕ್ಕೆ ಅಲ್ಲಿ ಮೆಲುಕಾತ್ ಎನ್ನುತ್ತಾರೆ.

ಅದನ್ನು ನಡೆಸುವವಳು ದಂಡೆಯ ಗುಡಿಯಲ್ಲಿ ಪೂಜೆ ಮಾಡುವ ಒಬ್ಬ ಮುದುಕಿ. ಊರಿನವರು ಅವಳನ್ನು ಮರ್ಯಾದೆಯಿಂದ ಜೆರೊ ಎಂದು ಕರೆಯುತ್ತಿದ್ದರು. ಅವಳ ಬಾಯಲ್ಲಿ ಸದಾ ಎಲೆಅಡಿಕೆ. ಮಾತು ಖಾರ. ಬಂದವರು ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಊದುಬತ್ತಿ ಇಟ್ಟುಕೊಂಡು ಕಡಲಿಗೆ ಮುಖ ಮಾಡಿ ಕೂರುತ್ತಿದ್ದರು. ಜೆರೊ ಮರಳಿನ ಮೇಲೆ, ಕಣ್ಣಿಗೆ ಕಾಣದವರ ಪಾಲಿಗೆಂದು, ಒಂದು ಹಿಡಿ ಅನ್ನ, ಶುಂಠಿಯ ಚೂರು, ಈರುಳ್ಳಿ, ಚಿಟಿಕೆ ಉಪ್ಪು ಇಡುತ್ತಿದ್ದಳು. ಗಂಟೆ ಬಾರಿಸಿ ಕಡಲ ದೇವರನ್ನು ಕೇಳಿಕೊಳ್ಳುತ್ತಿದ್ದಳು. ಅವನಿಗೆ ಅಲ್ಲಿ ಬರುಣ ಎಂದು ಹೆಸರು. ನಮ್ಮ ವರುಣನೇ. ಆಮೇಲೆ ಅವರನ್ನು ನೀರಿಗೆ ಇಳಿಸಿ, ತೆಂಗಿನ ಚಿಪ್ಪಿನಲ್ಲಿ ಕಡಲನ್ನು ಮೊಗೆದು ತಲೆಯ ಮೇಲೆ ಸುರಿಯುತ್ತಿದ್ದಳು. ತಲೆ ಒರೆಸಿಕೊಳ್ಳುವ ಹಾಗಿಲ್ಲ. ನೀರು ತಾನಾಗಿ ಆರಬೇಕು. ಅದು ಆರುವಷ್ಟರಲ್ಲಿ ಕೆಲವರು ಅಳುತ್ತಿದ್ದರು. ಕೆಲವರು ಮರಳಿನ ಮೇಲೆಯೇ ಮಲಗಿ ನಿದ್ದೆ ಹೋಗುತ್ತಿದ್ದರು.

ಉಪ್ಪಿನವನು ಇದನ್ನು ಹುಟ್ಟಿದಾಗಿನಿಂದ ನೋಡಿದ್ದ. ಅವರ ಪಾಡಿಗೆ ಅವರು, ತನ್ನ ಪಾಡಿಗೆ ತಾನು ಎಂದು ನೀರು ಹೊರುತ್ತಿದ್ದ. ಅದರಲ್ಲಿ ಯೋಚನೆ ಮಾಡುವಂಥದ್ದು ಏನಾದರೂ ಇದೆ ಎಂದು ಅವನಿಗೆ ಅನಿಸಿರಲಿಲ್ಲ.

ಒಂದು ದಿನ ಊರಿನ ನೇಯುವ ಹೆಂಗಸೊಬ್ಬಳು ಬಂದಳು. ಅವಳ ಹಸುಗೂಸು ತೀರಿಕೊಂಡಿತ್ತು. ಆ ದ್ವೀಪದಲ್ಲಿ ಹುಟ್ಟಿದ ಮಗುವಿನ ಪಾದವನ್ನು ಮೂರು ತಿಂಗಳು ನೆಲಕ್ಕೆ ತಾಗಿಸುವುದಿಲ್ಲ. ಅಲ್ಲಿಯವರೆಗೆ ಅದು ದೇವರ ಕಡೆಯದ್ದೇ ಎಂದು ತೋಳಿನಿಂದ ತೋಳಿಗೆ ಎತ್ತಿಕೊಂಡೇ ಇರುತ್ತಾರೆ. ಆಮೇಲೆ ಒಂದು ದಿನ ಪೂಜೆ ಮಾಡಿ ನೆಲ ಮುಟ್ಟಿಸಿ ಹೆಸರು ಇಡುತ್ತಾರೆ. ಅವಳ ಮಗು ನೆಲ ಮುಟ್ಟುವ ಮೊದಲೇ ಹೋಗಿತ್ತು. ಅಂದಿನಿಂದ ಅವಳು ಮಗ್ಗದ ಮುಂದೆ ಕೂರುತ್ತಿದ್ದಳು, ನೇಯುತ್ತಿರಲಿಲ್ಲ. ಖಾಲಿ ತೋಳನ್ನು ಮಗು ಎತ್ತಿಕೊಂಡ ಹಾಗೆ ಮಡಚಿಕೊಂಡೇ ಇರುತ್ತಿದ್ದಳು.

ಜೆರೊ ಅವಳನ್ನು ನೀರಿಗೆ ಇಳಿಸಿ ತಲೆಗೆ ಕಡಲ ನೀರು ಸುರಿದಳು. ಅವಳು ಕೂಗಿದಳು. ಮನುಷ್ಯರ ಗಂಟಲಿನದಲ್ಲ ಎನ್ನುವಂಥ ಕೂಗು. ಮಡಚಿದ ತೋಳುಗಳು ಬಿಚ್ಚಿಕೊಂಡವು. ಅಲ್ಲೇ ಸ್ವಲ್ಪ ಆಚೆ ಉಪ್ಪಿನವನು ಕೊಡಗಳನ್ನು ಅದ್ದಿ ನಿಂತಿದ್ದ. ಅವಳ ಸುತ್ತಿನ ನೀರು ಬಂದು ಅವನ ತೊಡೆಗೆ ತಾಗಿತು. ಅದು ಬೆಚ್ಚಗಿದೆ ಎಂದು ಅವನಿಗೆ ಅನಿಸಿತು. ಆ ನೀರೇ ಅವನ ಕೊಡಗಳನ್ನು ತುಂಬಿತು.

ಅವಳು ದಂಡೆಗೆ ಬಂದು ಮಲಗಿದಳು. ಎಷ್ಟೋ ದಿನದ ನಿದ್ದೆ ಒಟ್ಟಿಗೆ ಬಂದಂತೆ ಮಲಗಿದಳು. ಉಪ್ಪಿನವನು ನೀರನ್ನು ಎಂದಿನಂತೆ ಮರಳಿಗೆ ಚಿಮುಕಿಸಿದ. ಕೈ ಕೆಲಸ ಮಾಡುತ್ತಿತ್ತು, ಕಣ್ಣು ಮಾತ್ರ ಅವಳ ಮೇಲೇ ಇತ್ತು.

ಆ ಸಲದ ಉಪ್ಪು ಕಹಿಯಾಗಿತ್ತು.

ಉಪ್ಪು ತೆಗೆಯುವವರಿಗೆ ಇದು ಹೊಸದಲ್ಲ. ಮರಿಗೆಯಲ್ಲಿ ಕಡೆಗೆ ಉಳಿಯುವ ಕಹಿನೀರನ್ನು ಬಸಿಯದಿದ್ದರೆ ಉಪ್ಪು ಕಹಿಯಾಗುತ್ತದೆ. ಮನಸ್ಸು ಬೇರೆ ಕಡೆ ಇದ್ದುದರಿಂದ ಅವನು ಬಸಿಯುವುದನ್ನು ಮರೆತಿದ್ದ, ಅಷ್ಟೇ ಎಂದು ಮೋನಪ್ಪ ಹೇಳುತ್ತಿದ್ದ. ಇರಬಹುದು. ಆದರೆ ಉಪ್ಪಿನವನಿಗೆ ಹಾಗೆ ತೋಚಲಿಲ್ಲ. ಅವನು ನಾಲಿಗೆಯ ಮೇಲಿನ ಕಹಿಯನ್ನು ಉಗುಳದೆ ನಿಂತ. ಇದು ಅವಳ ಸಂಕಟ ಎಂದುಕೊಂಡ. ಅವಳು ಕಡಲಿಗೆ ಬಿಟ್ಟಳು, ನಾನು ಮೊಗೆದು ತಂದು ಒಣಗಿಸಿದೆ ಎಂದುಕೊಂಡ.

ಒಮ್ಮೆ ಈ ಯೋಚನೆ ಹೊಕ್ಕ ಮೇಲೆ ಅದು ಹೊರಗೆ ಹೋಗಲಿಲ್ಲ. ಇಷ್ಟು ವರ್ಷ ಈ ನೀರಿನಲ್ಲಿ ಊರೆಲ್ಲ ತನ್ನ ನೋವು ತೊಳೆದಿದೆ. ಇಷ್ಟು ವರ್ಷ ನಾನು ಅದನ್ನು ಉಪ್ಪು ಮಾಡಿ ಅದೇ ಊರಿಗೆ ಮಾರಿದ್ದೇನೆ. ಒಬ್ಬನ ಸಿಟ್ಟನ್ನು ಇನ್ನೊಬ್ಬನ ಸಾರಿಗೆ ಹಾಕಿದ್ದೇನೆ.

ಅಂದು ಮಧ್ಯಾಹ್ನ ಗುಡಿಸಲಿನ ನೆರಳಿನಲ್ಲಿ ಅವನಿಗೆ ಜೊಂಪು ಹತ್ತಿತು. ಕನಸಿನಲ್ಲಿ ಕಪ್ಪು ಮರಳಿನ ಮೇಲೆ ಮರಿಗೆಗಳು ಸಾಲಾಗಿದ್ದವು. ಪ್ರತಿಯೊಂದರಲ್ಲಿ ಒಬ್ಬೊಬ್ಬರು ಕೂತಿದ್ದರು, ದೋಣಿಯಲ್ಲಿ ಕೂತ ಹಾಗೆ. ಎಲ್ಲರೂ ಬೆಳ್ಳಗಿದ್ದರು. ಸಾವಿಗೆ ಹೆದರಿ ಬಂದಿದ್ದ ಮುದುಕನಿದ್ದ. ತಮ್ಮನ ಮೇಲಿನ ಹಗೆ ತೊಳೆಯಲು ಬಂದಿದ್ದ ಮೀನುಗಾರನಿದ್ದ. ಇರುಳು ಬೆಚ್ಚಿಬೀಳುತ್ತಿದ್ದ ಹುಡುಗಿಯಿದ್ದಳು. ಮರಿಗೆಗಳು ನೀರಿಲ್ಲದೆಯೇ ಮೆಲ್ಲಗೆ ತೇಲಿ ಸಂತೆಯ ದಾರಿ ಹಿಡಿದವು. ಎಲ್ಲರೂ ತಿರುಗಿ ಅವನನ್ನು ನೋಡಿದರು. ನಮ್ಮನ್ನು ಯಾರ ಮನೆಗೆ ಕಳಿಸುತ್ತಿದ್ದೀಯೆ ಎಂದು ಕೇಳಿದರು. ಗದರಿಸಲಿಲ್ಲ. ದೂರ ಪ್ರಯಾಣ ಹೊರಟವರು ಊರಿನ ಹೆಸರು ಕೇಳುವಂತೆ ಕೇಳಿದರು.

ಎಚ್ಚರವಾದಾಗ ಹೆಂಡತಿ ಉಪ್ಪಿನ ಬುಟ್ಟಿಯನ್ನು ತಲೆಗೆ ಏರಿಸಿಕೊಳ್ಳುತ್ತಿದ್ದಳು. ಅವನು ಎದ್ದು ಓಡಿ ಬುಟ್ಟಿಯನ್ನು ಕಸಿದುಕೊಂಡ.

ಆ ದಿನದಿಂದ ಅವನ ಉಪ್ಪು ಸಂತೆಗೆ ಹೋಗಲಿಲ್ಲ. ಎಸೆಯೋಣವೆಂದರೆ ಎಲ್ಲಿ ಎಸೆಯುವುದು? ಕಡಲಿಗೆ ಎಸೆದರೆ ಮತ್ತೆ ಯಾರದೋ ಕೊಡಕ್ಕೆ ಬರುತ್ತದೆ. ನೆಲಕ್ಕೆ ಎಸೆದರೆ ಮಳೆ ಅದನ್ನು ಕಡಲಿಗೇ ಒಯ್ಯುತ್ತದೆ. ಆ ಕಹಿ ಉಪ್ಪಿನ ಬುಟ್ಟಿಯನ್ನು ಅವನು ಗುಡಿಸಲಿನ ತೊಲೆಗೆ ನೇತುಹಾಕಿದ. ಬೇರೆ ದಂಡೆಯ ನೀರು ತರೋಣವೆಂದು ಒಂದು ದಿನವಿಡೀ ನಡೆದ. ಎಲ್ಲಿ ಇಳಿದರೂ ಅದೇ ಕಡಲು. ಖಾಲಿ ಕೊಡಗಳನ್ನು ಹೊತ್ತು ಹಿಂದಿರುಗಿ, ಅಡ್ಡೆಯನ್ನು ಮೂಲೆಗೆ ಒರಗಿಸಿದ. ಮತ್ತೆ ಅದನ್ನು ಮುಟ್ಟಲಿಲ್ಲ.

ಅವನು ಉಪ್ಪು ತಿನ್ನುವುದನ್ನೂ ಬಿಟ್ಟ. ಹೆಂಡತಿ ನೆರೆಮನೆಯಿಂದ ಚಿಟಿಕೆ ಉಪ್ಪು ತಂದು ಗಂಜಿಗೆ ಹಾಕಿದರೆ, ಮೊದಲ ತುತ್ತಿಗೇ ಗೊತ್ತಾಗಿ ಬಟ್ಟಲನ್ನು ದೂರ ತಳ್ಳುತ್ತಿದ್ದ. ಉಪ್ಪು ತೆಗೆಯುವವನ ಹೆಂಡತಿ ಉಪ್ಪಿಗಾಗಿ ಮನೆ ಮನೆ ತಿರುಗುವುದನ್ನು ಕಂಡು ಊರು ಮೊದಲು ನಕ್ಕಿತು. ಆಮೇಲೆ ನಗು ನಿಂತಿತು. ಅವನ ಮೈ ಇಳಿಯಿತು. ಕಾಲಿನ ಸ್ನಾಯು ಹಿಡಿದುಕೊಳ್ಳುತ್ತಿತ್ತು. ನಿಂತರೆ ತಲೆ ಸುತ್ತುತ್ತಿತ್ತು. ಹಗಲಿಗೂ ಕನಸಿಗೂ ನಡುವಿನ ಬಾಗಿಲು ತೆರೆದೇ ಉಳಿಯಿತು. ಕಣ್ಣು ಬಿಟ್ಟುಕೊಂಡೇ ಅವನು ಮರಿಗೆಗಳಲ್ಲಿ ಕೂತವರನ್ನು ನೋಡುತ್ತಿದ್ದ.

ಆ ಬುಟ್ಟಿಯದ್ದು ಬೇರೆಯೇ ಕತೆ. ಕಡಲಿನ ತೇವದ ಗಾಳಿಗೆ ಅದರಲ್ಲಿದ್ದ ಕಹಿನೀರು ಹನಿಯತೊಡಗಿತ್ತು. ದಿನವೂ ತೊಟ್ಟು ತೊಟ್ಟಾಗಿ ಕೆಳಗೆ ಬೀಳುತ್ತಿತ್ತು. ಉಪ್ಪು ಅಳುತ್ತಿದೆ ಎಂದು ಅವನು ತಿಳಿದ. ಕೆಳಗೆ ಒಂದು ಮಡಕೆ ಇಟ್ಟ. ಆ ಸದ್ದು ಕೇಳುತ್ತಾ ಮಲಗಿರುತ್ತಿದ್ದ. ಯಾರೂ ಇಲ್ಲದಾಗ, ಅಳು ತಾಯಿ, ನಾನಿದ್ದೇನೆ, ಬೇರೆ ಯಾರ ಮನೆಗೂ ನಿನ್ನನ್ನು ಕಳಿಸುವುದಿಲ್ಲ ಎಂದು ಬುಟ್ಟಿಗೆ ಸಮಾಧಾನ ಹೇಳುತ್ತಿದ್ದ.

ಹೆಂಡತಿಗೆ ತಡೆಯಲಾಗಲಿಲ್ಲ. ಆ ದ್ವೀಪದಲ್ಲಿ ಹೆಂಡತಿ ಗಂಡನನ್ನು ಬ್ಲಿ ಎಂದು ಕರೆಯುತ್ತಾಳೆ. ಅಣ್ಣ ಎಂದ ಹಾಗೆ. ಇಲ್ಲಿಯವರು ಕೇಳಿದರೆ ನಕ್ಕಾರು, ಆದರೆ ಅವಳು ನಗುವ ಸ್ಥಿತಿಯಲ್ಲಿರಲಿಲ್ಲ.

"ಬ್ಲಿ, ನಿನ್ನ ಕಾಲು ಹಿಡಿದುಕೊಳ್ಳುತ್ತೇನೆ, ಜೆರೊ ಹತ್ತಿರ ಹೋಗೋಣ. ಊರೆಲ್ಲ ಅವಳ ಕೈಯ ನೀರಿನಿಂದ ಗುಣವಾಗಿದೆ. ನಿನಗೆ ಏನಾಗಿದೆ ಅಂತ ಕಡಲಿಗೆ ಗೊತ್ತಾಗದೇ?"

"ಗೊತ್ತಾಗುತ್ತದೆ. ಅದೇ ಭಯ. ನನ್ನದನ್ನೂ ಕಡಲಿಗೆ ಬಿಟ್ಟರೆ ಅದು ಯಾವ ದಂಡೆಯಲ್ಲಿ ಯಾರ ಉಪ್ಪಾಗುತ್ತದೋ, ಯಾವ ಮಗುವಿನ ಗಂಜಿಗೆ ಬೀಳುತ್ತದೋ. ನನ್ನದು ನನ್ನಲ್ಲೇ ಇರಲಿ ಬಿಡು."

"ಮತ್ತೆ ನಾನು?" ಎಂದಳು ಅವಳು. "ನಾನು ಏನು ತಿನ್ನುತ್ತಿದ್ದೇನೆ ಅಂತ ಒಂದು ದಿನವಾದರೂ ಕೇಳಿದೆಯಾ?"

ಅವನು ಗೋಡೆಯ ಕಡೆಗೆ ತಿರುಗಿ ಮಲಗಿದ.

ನಿಜ ಹೇಳಬೇಕೆಂದರೆ, ಶಂಭುಲಿಂಗ, ಅವನಿಗೆ ಅದರಲ್ಲಿ ಒಂದು ಸುಖವೂ ಇತ್ತು. ಉಳಿದವರೆಲ್ಲ ತಮ್ಮ ಹೊರೆಯನ್ನು ಕಡಲಿಗೆ ಹಾಕಿ ಹಗುರವಾಗಿ ಮನೆಗೆ ಹೋಗುತ್ತಾರೆ, ಯಾರಿಗೂ ಏನೂ ಕೊಡದವನು ನಾನೊಬ್ಬನೇ ಎಂಬ ಸುಖ. ಅದು ಕೆಟ್ಟ ಸುಖ. ಹಸಿವನ್ನೂ ಮರೆಸಿಬಿಡುತ್ತದೆ. ಪಕ್ಕದಲ್ಲಿ ಕೂತವಳ ಮುಖವನ್ನಂತೂ ಮೊದಲೇ ಮರೆಸುತ್ತದೆ.

ಇಲ್ಲಿ ಗುರುಗಳು ಅವನ ಕಡೆಗೆ ನೋಡಿದರು. ಶಂಭುಲಿಂಗ ತಲೆ ತಗ್ಗಿಸಿದ್ದ.

"ಅವನು ಸತ್ತನೇ?" ಎಂದು ಕೇಳಿದ.

"ಅವಸರ ಮಾಡಬೇಡ. ಸಾಯುವವನಿದ್ದ."

ಒಂದು ಮಧ್ಯಾಹ್ನ ಅವನು ದಂಡೆಯಲ್ಲಿ ಬಿದ್ದ. ಏಳಲು ಆಗಲಿಲ್ಲ. ಅಲೆ ಬಂದು ಪಾದ ಮುಟ್ಟಿದಾಗ ಕಾಲನ್ನು ಎಳೆದುಕೊಂಡನಂತೆ, ತನ್ನಿಂದ ಅದಕ್ಕೆ ಏನಾದರೂ ಅಂಟೀತು ಎಂದು. ಹೆಂಡತಿ ಅವನನ್ನು ಗುಡಿಸಲಿಗೆ ಎಳೆದು ತಂದು ಮಲಗಿಸಿ, ಜೆರೊ ಮನೆಗೆ ಓಡಿದಳು.

ಜೆರೊ ಬಂದಳು. ಹೂವು ತರಲಿಲ್ಲ, ಗಂಟೆ ತರಲಿಲ್ಲ, ತೀರ್ಥವನ್ನೂ ತರಲಿಲ್ಲ. ಬಾಗಿಲಲ್ಲಿ ಎಲೆಅಡಿಕೆ ಉಗುಳಿ ಒಳಗೆ ಬಂದು, ಮಲಗಿದವನನ್ನು ನೋಡಿದಳು.

"ನಾಳೆ ಹುಣ್ಣಿಮೆ," ಎಂದಳು. "ಊರೆಲ್ಲ ದಂಡೆಗೆ ಬರುತ್ತದೆ. ಪೂಜೆಗೆ ಉಪ್ಪು ಬೇಕು, ಅಡುಗೆಗೆ ಉಪ್ಪು ಬೇಕು. ನೀನು ಕೆಲಸ ಬಿಟ್ಟು ಮಲಗಿದರೆ ನಾನೇನು ಮರಳು ಬಡಿಸಲೇ?"

ಅವನು ಇಲ್ಲ ಎಂದು ತಲೆಯಾಡಿಸಿದ.

ಮೇಲಿನಿಂದ ಒಂದು ತೊಟ್ಟು ಬಿತ್ತು. ಜೆರೊ ತಲೆ ಎತ್ತಿ ಬುಟ್ಟಿಯನ್ನು ನೋಡಿದಳು.

"ಅದು ಉಪ್ಪಲ್ಲ," ಎಂದು ಅವನು ಪಿಸುಗುಟ್ಟಿದ. "ನೇಯುವವಳ ಸಂಕಟ. ನೀನೇ ಅವಳಿಂದ ತೊಳೆದದ್ದು. ಅದನ್ನು ಮುಟ್ಟಬೇಡ, ಜೆರೊ."

ಜೆರೊ ಮುಟ್ಟಿದಳು. ಮುಟ್ಟಿದ್ದಷ್ಟೇ ಅಲ್ಲ, ಬುಟ್ಟಿಗೆ ಕೈ ಹಾಕಿ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡಳು. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನಿಂತಳು. ಉಪ್ಪಿನವನು ಅವಳ ಮುಖವನ್ನೇ ನೋಡಿದ.

"ಚೆನ್ನಾಗಿ ಅತ್ತಿದೆ," ಎಂದಳು ಅವಳು. "ಅಳುವುದೆಲ್ಲ ಅತ್ತು ಮುಗಿಸಿದೆ. ಇನ್ನು ಉಣ್ಣಬಹುದು."

ಅವನ ಹೆಂಡತಿ ತೊಲೆಯಿಂದ ಇಳಿಸಿಕೊಟ್ಟ ಬುಟ್ಟಿಯನ್ನು ಸೊಂಟಕ್ಕೆ ಇಟ್ಟು ಜೆರೊ ಹೊರಟೇಬಿಟ್ಟಳು. ಅವನು ಬೇಡ ಬೇಡ ಎಂದ. ಎದ್ದು ತಡೆಯುವ ಶಕ್ತಿ ಅವನಿಗಿರಲಿಲ್ಲ. ಹೆಂಡತಿಗೆ ತಡೆಯುವ ಮನಸ್ಸಿರಲಿಲ್ಲ.

ಮರುದಿನ ಊರೆಲ್ಲ ಬಿಳಿ ಬಟ್ಟೆ ಉಟ್ಟು ದಂಡೆಗೆ ಬಂತು. ಹೆಂಡತಿ ಅವನನ್ನು ತೋಳು ಹಿಡಿದು ಕರೆತಂದು ಕೂರಿಸಿದಳು. ಜನ ನೀರಿಗೆ ಇಳಿಯುವಾಗ ಅವನು ಇಳಿಯಲಿಲ್ಲ. ದೂರದಿಂದ ನೋಡಿದ. ಬಿಳಿ ಬಟ್ಟೆಯವರು ಒಬ್ಬೊಬ್ಬರಾಗಿ ಬಿಳಿ ನೊರೆಗೆ ಹೋಗಿ, ಒಬ್ಬೊಬ್ಬರಾಗಿ ಹಿಂದೆ ಬಂದರು. ಯಾರು ಕಡಲು, ಯಾರು ಜನ ಎಂಬುದು ಕೂಡ ಅವನ ಕಣ್ಣಿಗೆ ಸರಿಯಾಗಿ ತಿಳಿಯಲಿಲ್ಲ.

ಆಮೇಲೆ ಊಟ. ಆ ಕಡೆಯವರು ಹಬ್ಬದ ದಿನ ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕುವುದಿಲ್ಲ. ದೊಡ್ಡ ಹರಿವಾಣದಲ್ಲಿ ಅನ್ನ ರಾಶಿ ಹಾಕಿ, ಸುತ್ತ ಕೂತು ಒಂದೇ ರಾಶಿಯಿಂದ ಉಣ್ಣುತ್ತಾರೆ. ಪಲ್ಯವನ್ನು ಒಬ್ಬರು ಎಲ್ಲರ ಮುಂದೆಯೂ ಸ್ವಲ್ಪ ಸ್ವಲ್ಪ ಇಡುತ್ತಾರೆ. ಯಾರೂ ನಡುವೆ ಎದ್ದು ಹೋಗುವ ಹಾಗಿಲ್ಲ. ಗಂಡಸರ ಹರಿವಾಣದ ಪಕ್ಕದಲ್ಲೇ ಹೆಂಗಸರ ಹರಿವಾಣ. ಉಪ್ಪಿನವನು ಕೂತಲ್ಲಿಂದ ತಲೆ ಎತ್ತಿದರೆ ಎದುರಿಗೆ ನೇಯುವವಳು ಕಾಣುತ್ತಿದ್ದಳು.

ಅವಳ ಕೈ ಅನ್ನಕ್ಕೆ ಹೋಯಿತು. ಉಣ್ಣಬೇಡ ತಾಯಿ, ಅದು ನಿನ್ನದೇ, ನೀನು ಬಿಟ್ಟು ಬಂದದ್ದೇ ನಿನ್ನ ಬಾಯಿಗೆ ಹಿಂದೆ ಬರುತ್ತಿದೆ ಎಂದು ಅವನು ಕೂಗಲು ಹೋದ. ಕನಸಿನಲ್ಲಿ ಕೂಗಿದಂತೆ ಧ್ವನಿ ಹೊರಡಲಿಲ್ಲ.

ಅವಳು ತುತ್ತು ಬಾಯಿಗಿಟ್ಟಳು. ಅಗಿದಳು. ನಿಲ್ಲಿಸಿದಳು. ಅವಳ ಕಣ್ಣು ತುಂಬಿಕೊಂಡಿತು. ಗೊತ್ತಾಯಿತು, ಅವಳಿಗೆ ಗೊತ್ತಾಗಿಹೋಯಿತು ಎಂದು ಅವನು ಅಂದುಕೊಂಡ.

ಅವಳು ಪಕ್ಕದವಳ ಕಡೆಗೆ ತಿರುಗಿದಳು.

"ಇವತ್ತು ಅನ್ನ ರುಚಿಯಾಗಿದೆ ಕಣೇ," ಎಂದಳು. "ಬಾಯಿಗೆ ರುಚಿ ಅಂತ ಗೊತ್ತಾಗಿ ಎಷ್ಟು ದಿನವಾಗಿತ್ತು."

ಪಕ್ಕದವಳು ಅನ್ನವನ್ನು ಅವಳ ಕಡೆಗೆ ಸರಿಸಿದಳು. ಅವಳು ಇನ್ನೊಂದು ತುತ್ತು ತಿಂದಳು. ಮತ್ತೂ ಒಂದು ತಿಂದಳು. ಆಮೇಲೆ ಯಾರೂ ಕೇಳದೆ, ತಾನಾಗಿ ಹೇಳಿದಳು.

"ಮಗುವಿಗೆ ಇನ್ನೂ ಹೆಸರು ಇಟ್ಟಿರಲಿಲ್ಲ. ಹಾಗಂತ ಎಲ್ಲರೂ ತಿಳಿದಿದ್ದೀರಿ. ನಾನು ಒಳಗೊಳಗೇ ಇಟ್ಟುಬಿಟ್ಟಿದ್ದೆ. ರತಿಹ್ ಅಂತ ಕರೆಯುತ್ತಿದ್ದೆ."

ಅವರ ಮಾತಿನಲ್ಲಿ ರತಿಹ್ ಎಂದರೆ ಚಂದ್ರನ ದೇವಿಯಂತೆ. ಹೆಂಗಸರ ಕೈಗಳು ಹರಿವಾಣದ ಮೇಲೆ ನಿಂತವು. ಒಬ್ಬಳು ಮೆಲ್ಲಗೆ ರತಿಹ್ ಎಂದಳು. ಇನ್ನೊಬ್ಬಳೂ ಅಂದಳು. ಹೆಸರು ಒಂದು ಸುತ್ತು ಬಂತು. ಎಲ್ಲರ ಬಾಯಲ್ಲಿ ಅನ್ನವಿತ್ತು, ಆ ಅನ್ನದಲ್ಲಿ ಅವಳ ಉಪ್ಪಿತ್ತು. ಯಾರೂ ಅದರಿಂದ ಸಾಯಲಿಲ್ಲ. ಅವಳ ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳದೆ ಉಣ್ಣುತ್ತಿದ್ದಳು.

ಉಪ್ಪಿನವನು ತನ್ನ ಕೈಯನ್ನು ನೋಡಿಕೊಂಡ. ಅದು ತಾನಾಗಿ ಅನ್ನಕ್ಕೆ ಹೋಗಿತ್ತು. ಒಂದು ತುತ್ತು ಬಾಯಿಗಿಟ್ಟ. ಉಪ್ಪು ನಾಲಿಗೆಗೆ ತಾಗಿತು. ಎಷ್ಟು ಹುಡುಕಿದರೂ ಅದರಲ್ಲಿ ಕಹಿ ಸಿಗಲಿಲ್ಲ. ಹಸಿವು ಒಮ್ಮೆಲೇ ಎದ್ದಿತು. ಅವನು ಎರಡೂ ಕೈಯಲ್ಲಿ ಉಂಡ. ಉಣ್ಣುತ್ತಾ ಅತ್ತ. ಸುತ್ತ ಕೂತವರು ಅವನನ್ನು ನೋಡಿ ನೋಡದ ಹಾಗೆ ಅನ್ನವನ್ನು ಅವನ ಕಡೆಗೆ ತಳ್ಳುತ್ತಾ ಹೋದರು.

ಊಟ ಮುಗಿಸಿ ಎಲ್ಲರೂ ಒಟ್ಟಿಗೆ ಎದ್ದರು. ಅವನು ಯಾರ ತೋಳನ್ನೂ ಹಿಡಿಯದೆ ನೇರ ಕಡಲಿನ ಕಡೆಗೆ ನಡೆದ. ಆಗಷ್ಟೇ ಬಟ್ಟೆ ಬದಲಾಯಿಸಿದ್ದ ಜೆರೊ, ಈಗ ಬುದ್ಧಿ ಬಂತೇ ನಿನಗೆ, ಮುದುಕಿಯನ್ನು ಮತ್ತೆ ಒದ್ದೆ ಮಾಡಬೇಕಾಯಿತೇ ಎಂದು ಬೈಯುತ್ತಾ ಚಿಪ್ಪು ಹಿಡಿದು ಹಿಂದೆಯೇ ಇಳಿದಳು. ಹೆಂಡತಿಯೂ ಇಳಿದಳು. ಜೆರೊ ಇಬ್ಬರ ತಲೆಗೂ ಕಡಲ ನೀರು ಸುರಿದಳು. ಅವನು ನೀರಿನಲ್ಲಿ ಏನು ಬಿಟ್ಟ, ಅವಳು ಏನು ಬಿಟ್ಟಳು, ಮೋನಪ್ಪನಿಗೆ ಗೊತ್ತಿರಲಿಲ್ಲ. ಅದನ್ನು ಕೇಳುವುದು ಅಲ್ಲಿ ಪದ್ಧತಿಯಲ್ಲ. ಬಹಳ ಹೊತ್ತು ನಿಂತಿದ್ದರಂತೆ. ಅಲೆಗಳು ಅವರ ಎದೆಗೆ ತಾಗಿ, ಹಿಂದೆ ಸರಿದು, ಮತ್ತೆ ತಾಗುತ್ತಿದ್ದವಂತೆ. ಇಬ್ಬರೂ ದಂಡೆಗೆ ಬಂದು ಒದ್ದೆ ತಲೆಯಲ್ಲೇ ಮರಳಿನ ಮೇಲೆ ಮಲಗಿದರು. ಅಂದು ಮರಿಗೆಗಳಲ್ಲಿ ಯಾರೂ ಬಂದು ಕೂರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಮೂಲೆಯಿಂದ ಅಡ್ಡೆಯನ್ನು ಎತ್ತಿಕೊಂಡ. ಕೊಡಗಳು ಒಣಗಿ ಬಿರುಕು ಬಿಟ್ಟಿದ್ದವು. ನೆನೆಸಿ ಸರಿಮಾಡಿಕೊಂಡ. ಹಿಂದಿನ ದಿನ ತಾನು ಮಿಂದ ಜಾಗಕ್ಕೇ ಇಳಿದು ನೀರು ತುಂಬಿಕೊಂಡ. ಮರಳಿಗೆ ಚಿಮುಕಿಸಿದ. ಬಿಸಿಲು ಚೆನ್ನಾಗಿತ್ತು. ಕಹಿನೀರನ್ನು ಈ ಸಲ ಮರೆಯದೆ ಬಸಿದ. ಉಪ್ಪು ಅರಳಿದ ಮೇಲೆ ಹೆಂಡತಿ ಅದನ್ನು ಸಂತೆಗೆ ಒಯ್ದಳು. ಸಂಜೆ ಖಾಲಿ ಬುಟ್ಟಿಯೊಂದಿಗೆ ಮನೆಗೆ ಬಂದಳು.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗ ಇನ್ನೂ ಏನೋ ಬರುತ್ತದೆ ಎಂದು ಕಾದ. ಏನೂ ಬರಲಿಲ್ಲ.

"ಹಾಗಾದರೆ ಆ ಉಪ್ಪಿನಲ್ಲಿ ಅವನ ಸಂಕಟವೂ ಸೇರಿತ್ತಲ್ಲವೇ?" ಎಂದು ಕೇಳಿದ. "ಊರಿನವರು ಅದನ್ನೂ ಉಂಡರೇ?"

"ಉಂಡರು," ಎಂದರು ಗುರುಗಳು. "ಕೇಳಿ ಬಡಿಸಿಕೊಂಡು ಉಂಡರು."

"ಅದರಿಂದ ಅವರಿಗೆ ಭಾರವಾಗಲಿಲ್ಲವೇ?"

ಗುರುಗಳು ಅವನ ಮುಖವನ್ನು ನೇರವಾಗಿ ನೋಡಿದರು.

"ಅವರ ವಿಷಯ ನನಗೆ ಗೊತ್ತಿಲ್ಲ ಮಗನೇ, ನಿನ್ನ ತಾಯಿ ಹೋದಂದಿನಿಂದ ಇಲ್ಲಿ ನಾವೆಲ್ಲ ಸಪ್ಪೆ ಉಣ್ಣುತ್ತಿದ್ದೇವೆ."